ಏಳು ಕಾಗದ, ಒಂದೇ ವಾಸನೆ

ಪಾರ್ಸಲಿನ ಮೇಲೆ ‘ಒಳಗೆ ಸೀಸೆ ಇದೆ’ ಎಂದು ಬರೆಸಲು ವೈಕುಂಠ ಪೈಗೆ ಏನು ಧಾಡಿಯಾಗಿತ್ತು?

ಟಪಾಲು ಕುಷ್ಟನ ಈ ಪ್ರಶ್ನೆಗೆ ಅವನು ಒಪ್ಪುವ ಉತ್ತರವನ್ನು ಇವತ್ತಿಗೂ ಯಾರೂ ಕೊಟ್ಟಿಲ್ಲ. ಯುದ್ಧ ಮುಗಿಯಿತು, ಬಿಳಿಯರು ಗಂಟು ಕಟ್ಟಿದರು, ಕುಷ್ಟನ ಖಾಕಿ ಕೋಟಿನ ಮೊಣಕೈ ಎರಡು ಸಲ ಹರಿದು ಎರಡು ಸಲ ತೇಪೆ ಕಂಡಿತು. ಆದರೂ ಹತ್ತಿರದಲ್ಲಿ ಯಾರಾದರೂ ನಶ್ಯದ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತಟ್ಟಿದರೆ ಸಾಕು, ಅವನ ಮೂಗಿನ ಹೊಳ್ಳೆ ಅಗಲವಾಗುತ್ತದೆ.

“ಎರಡ್ ಅಕ್ಷರ ಮರಾಯ್ರೆ! ಸೀಸೆ ಅಂದೇಳಿ ಎರಡ್ ಅಕ್ಷರ ಬರ್ಸಿದ್ರೆ ಇವ್ರ್ ಮನಿ ಗಂಟ್ ಹೋತಿತ್ತಾ?”

ಕೇಳಿದವರು ನಗುತ್ತಾರೆ. ನಗುವುದು ಅವನ ಸಿಟ್ಟಿಗಲ್ಲ, ಅವನ ಅಡ್ಡಹೆಸರಿಗೆ. ಮೈಗೆ ಒಂದು ದಿನವೂ ಒಂದು ತೊಟ್ಟು ಅತ್ತರು ಹಚ್ಚದ ಮನುಷ್ಯನಿಗೆ ಬೈಂದೂರಿನ ಆಚೆ ಈಚೆ ನಾಲ್ಕು ಊರಿನಲ್ಲಿ ‘ಅತ್ತರ ಕುಷ್ಟ’ ಎಂದೇ ಹೆಸರು ಬಿದ್ದುಹೋಗಿದೆ.

ನಡುಹಿತ್ಲು ಎಂದು ಕಡಲ ಬದಿಯ ಒಂದು ಊರು. ಕುಂದಾಪುರದ ಕಡೆಯಿಂದ ಬರುವ ಬಸ್ಸು ದೊಡ್ಡ ರಸ್ತೆಯಲ್ಲೇ ಟಪಾಲು ಚೀಲ ಇಳಿಸಿ ಹೋಗುತ್ತದೆ. ಅಲ್ಲಿಂದ ಚೀಲ ಹೆಗಲಿಗೇರಿಸಿ, ಗದ್ದೆಯ ಅಂಚು ಹಿಡಿದು, ಹೊಳೆಯ ಕಡವನ್ನು ದೋಣಿಯಲ್ಲಿ ದಾಟಿ, ಮರಳಿನಲ್ಲಿ ಕಾಲು ಹೂತುಕೊಂಡು ಊರು ಸೇರಬೇಕು. ಹೋಗಿ ಬಂದು ಹತ್ತು ಮೈಲಿ. ಹನ್ನೊಂದು ವರ್ಷ ಹಾಗೆ ನಡೆದರೂ ಕುಷ್ಟ ಒಂದು ಕಾರ್ಡನ್ನೂ ಕಳೆದವನಲ್ಲ. ಮೂರನೇ ಕ್ಲಾಸಿನಲ್ಲಿ ಮಾಸ್ತರರ ಬೆತ್ತ ಕಸಿದು ಮುರಿದು ಶಾಲೆ ಬಿಟ್ಟವನು ಅವನು. ಸಿಟ್ಟು ಅಂದರೆ ಅಂಥ ಸಿಟ್ಟು. ದಾರಿಗೆ ದನ ಅಡ್ಡ ಬಂದರೆ ದನವನ್ನು ಬಿಟ್ಟು ಅದರ ಯಜಮಾನನ ಅಜ್ಜನ ತನಕ ಬೈಯುವವನು. ಸಂಶಯವಂತೂ ಕೇಳುವುದೇ ಬೇಡ. ಚೀಲದ ಕಡೆ ಒಮ್ಮೆ ನೋಡಿದವನು ದಾರಿಹೋಕ, ಎರಡು ಸಲ ನೋಡಿದವನು ಕಳ್ಳ ಎಂದು ಅವನ ಲೆಕ್ಕ.

ಆ ಊರಿನ ಗಂಡಸರು ಅರ್ಧಕ್ಕರ್ಧ ಬೊಂಬಾಯಿಯಲ್ಲಿ. ಹೋಟೆಲು, ಹಡಗಿನ ಗೋದಿ, ಗಿರಣಿ ಎಂದು ಎಲ್ಲೆಲ್ಲೋ ದುಡಿಯುತ್ತಿದ್ದರು. ಮನೆಯಲ್ಲಿ ಉಳಿದ ಹೆಂಗಸರಿಗೆ ಓದು ಬಾರದು. ಹಾಗಾಗಿ ಕಾಗದ ಕೊಡುವವನೂ ಕುಷ್ಟನೇ, ಓದುವವನೂ ಕುಷ್ಟನೇ, ಉತ್ತರ ಬರೆದು ಹೊತ್ತುಕೊಂಡು ಹೋಗುವವನೂ ಅವನೇ. ಯಾವ ಮನೆಯ ಗುಟ್ಟೂ ಅವನ ಬಾಯಿಂದ ಪಕ್ಕದ ಮನೆಗೆ ದಾಟಿದ್ದಿಲ್ಲ. ಆ ಒಂದು ನಂಬಿಕೆಯ ಮೇಲೆ ಊರು ಅವನ ಸಿಟ್ಟನ್ನೂ ಸಹಿಸುತ್ತಿತ್ತು.

ನಲವತ್ತಮೂರನೇ ಇಸವಿ, ನವರಾತ್ರಿ ಮುಗಿದ ವಾರ. ಬಸ್ಸು ತಡವಾಗಿ ಬಂದಿತ್ತು, ಬಿಸಿಲು ನೆತ್ತಿಗೇರಿತ್ತು. ಕುಷ್ಟ ಕಡವಿಗೆ ಬಂದು ನೋಡಿದರೆ ದೋಣಿ ಆಚೆ ದಡದಲ್ಲಿದೆ. ಕಡವಿನ ದೋಣಿ ನಡೆಸುವ ಗುಡ್ಡ ಎಂಬವನು ಯಾರದೋ ಎಮ್ಮೆ ಕರುವನ್ನು ದೋಣಿಗೆ ಹತ್ತಿಸುತ್ತಿದ್ದಾನೆ. ಕರು ಒಂದು ಕಾಲು ಇಡುತ್ತದೆ, ತೆಗೆಯುತ್ತದೆ. ಗುಡ್ಡ ಅದರ ಕಿವಿಯಲ್ಲಿ ಏನೋ ಹೇಳುತ್ತಾನೆ. ಮತ್ತೆ ಒಂದು ಕಾಲು. ಕುಷ್ಟ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ. ದೋಣಿ ಈಚೆ ಬರುವಷ್ಟರಲ್ಲಿ ಅವನ ಕಣ್ಣು ಕೆಂಪಾಗಿತ್ತು.

“ಹ್ವಾಯ್ ಗುಡ್ಡ! ಸರ್ಕಾರದ್ ಚೀಲ ದೊಡ್ಡದಾ, ನಿನ್ನ್ ಎಮ್ಮಿ ಕರು ದೊಡ್ಡದಾ?”

“ಕರುವಿಗೆ ಎಷ್ಟ್ ಹೇಳಿರೂ ತಿಳಿತಿಲ್ಲ ಕುಷ್ಟಣ್ಣ,” ಎಂದು ಗುಡ್ಡ ಹುಟ್ಟು ಊರಿ ನಕ್ಕ. “ನಿಮ್ಗೆ ಹೇಳಿರೂ ಹಾಂಗೇ.”

ಕುಷ್ಟನ ಮೈ ಉರಿದುಹೋಯಿತು. ಚೀಲವನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ದೋಣಿಯೊಳಗೆ ಬಿಸಾಡಿದ. ಚೀಲ ಹೋಗಿ ಲಂಗರಿನ ಕಲ್ಲಿಗೆ ಬಿತ್ತು. ‘ಟಕ್’ ಎಂದು ಸಣ್ಣ ಸದ್ದು ಕೇಳಿಸಿತು.

“ಮೆಲ್ಲ ಮರಾಯ್ರೆ! ಒಳ್ಗ್ ಎಂತಾರೂ ಇದ್ರೆ?”

“ಕಾಗ್ದ ಒಡಿತ್ತಾ?” ಎಂದು ಕುಷ್ಟ ಗುಡುಗಿದ.

ಗುಡ್ಡ ಚೀಲವನ್ನು ಕಲ್ಲಿನಿಂದ ಸರಿಸಿ ಒಣಗಿದ ಹಲಗೆಯ ಮೇಲಿಟ್ಟ.

ನಡುಹಿತ್ಲಿನ ಅಂಚೆಮನೆ ಎಂದರೆ ಪ್ರೇಮಾನಂದ ಮಾಸ್ತರರ ಜಗಲಿಯ ಒಂದು ಮೂಲೆ. ಬೆಳಿಗ್ಗೆ ಶಾಲೆ, ಮಧ್ಯಾಹ್ನ ಟಪಾಲು. ಮಾಸ್ತರರು ಚೀಲದ ಮೊಹರು ಒಡೆದು ಒಳಗಿನದನ್ನು ಚಾಪೆಯ ಮೇಲೆ ಸುರಿದರು. ಏಳು ಲಕೋಟೆ, ಬಟ್ಟೆ ಹೊಲಿದ ಒಂದು ಪಾರ್ಸಲು. ಪಾರ್ಸಲಿನ ಒಂದು ಮೂಲೆ ಒದ್ದೆ.

“ದೋಣಿ ನೀರಾ?”

“ಗುಡ್ಡನ್ ದೋಣಿ ಅಲ್ದಾ? ಹೊಳಿ ಹೊರ್ಗ್ ಕಮ್ಮಿ, ಒಳ್ಗ್ ಜಾಸ್ತಿ,” ಎಂದ ಕುಷ್ಟ. ಅವನಿಗೆ ಆಗಲೇ ಏನೋ ಪರಿಮಳ ಮೂಗಿಗೆ ಬಡಿದಿತ್ತು. ಮಾಸ್ತರರಿಗೆ ಬಡಿಯಲಿಲ್ಲ. ಇಪ್ಪತ್ತು ವರ್ಷದಿಂದ ವೈಕುಂಠ ಪೈಯ ನಶ್ಯ ಏರಿಸಿ ಏರಿಸಿ ಅವರ ಮೂಗು ಬರೀ ಕನ್ನಡಕ ಕೂರಿಸಲು ಉಳಿದಿತ್ತು.

ಕುಷ್ಟ ಮೇಲಿನ ಲಕೋಟೆಯನ್ನು ಎತ್ತಿ ಮೂಗಿನ ಹತ್ತಿರ ತಂದ. ಗುಲಾಬಿಯ ಹಾಗೆ ಇದೆ, ಆದರೆ ಗುಲಾಬಿಯ ನಡುವೆ ಯಾರೋ ಹಸಿ ಸೊಪ್ಪು ಜಜ್ಜಿದಂತೆ ಒಂದು ಖಾರ. ಬೊಂಬಾಯಿ ಮುದ್ರೆ. ಬಚ್ಚ ತನ್ನ ಹೆಂಡತಿ ಜಲಜನಿಗೆ ಬರೆದದ್ದು. ಬಚ್ಚ ಅಲ್ಲಿನ ಕೋಟೆ ಪೇಟೆಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದವನು. ಹೋಟೆಲಿನ ಆಳಿಗೆ ಲಕೋಟೆಗೆ ಹಚ್ಚುವಷ್ಟು ಅತ್ತರು ಎಲ್ಲಿಂದ? ಹಚ್ಚಿದವರು ಯಾರು? ಕುಷ್ಟ ಉಳಿದ ಆರನ್ನು ಮೂಸಲಿಲ್ಲ. ಒಂದು ಸಂಶಯ ಸಿಕ್ಕಿದ ಮೇಲೆ ಎರಡನೆಯದನ್ನು ಯಾರು ಹುಡುಕುತ್ತಾರೆ?

ಜಲಜ ಆಗ ತಾನೇ ಮೀನು ಮಾರಿ ಬಂದು ಬುಟ್ಟಿ ತೊಳೆಯುತ್ತಿದ್ದಳು. ಮೂವತ್ತು ದಾಟದ ಹೆಂಗಸು, ಜೊತೆಗೆ ಕಿವಿ ಕೇಳದ ಅತ್ತೆ. ಕುಷ್ಟನನ್ನು ಕಂಡವಳೇ ಕೈ ಒರೆಸಿಕೊಂಡು ಒಂದು ಚೂರು ಬೆಲ್ಲ, ಒಂದು ಚೆಂಬು ನೀರು ತಂದಿಟ್ಟಳು.

“ಓದಿ ಕಾಂಬ ಕುಷ್ಟಣ್ಣ. ದೀಪಾಳಿಗೆ ಬತ್ರಂಬ್ರಾ?”

ಕುಷ್ಟ ಓದಿದ. “ಇಲ್ಲಿ ಹೋಟೆಲಿನಲ್ಲಿ ಕೆಲಸ ಬಹಳ. ಸೋಲ್ಜರುಗಳ ಗದ್ದಲ. ಸೇಟು ರಜೆ ಕೊಡುವುದಿಲ್ಲ, ಆದ್ದರಿಂದ ದೀಪಾವಳಿಗೆ ಬರಲಾಗುವುದಿಲ್ಲ...” ಕಾಗದ ಬಿಚ್ಚಿದ್ದರಿಂದ ಪರಿಮಳ ಇನ್ನಷ್ಟು ಹಬ್ಬಿತು. ಕುಷ್ಟ ಓದುವುದು ನಿಲ್ಲಿಸಿ ಗಂಟಲು ಸರಿಮಾಡಿಕೊಂಡ.

“ಎಂತಕ್ಕ್ ನಿಲ್ಸಿದ್ರಿ?”

“ಎಂತ ಇಲ್ಲ,” ಎಂದ ಕುಷ್ಟ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. “ಬೊಂಬಾಯಿ ಕಾಗ್ದ ಈಗೀಗ ಪರ್ಮಳ ಬತ್ತ್ ಕಾಣ್.”

ಜಲಜ ಕೈ ಚಾಚಿ ಕಾಗದ ತೆಗೆದುಕೊಂಡಳು. ಮೀನಿನ ಕಿವಿರು ಎತ್ತಿ ಮೂಸಿ, ಇದು ನಿನ್ನೆಯದ್ದೋ ಇವತ್ತಿನದ್ದೋ ಎಂದು ಹೇಳುವ ಮೂಗು ಅದು. ಕಣ್ಣು ಮುಚ್ಚಿ ಎರಡು ಸಲ ಮೂಸಿದಳು.

“ಇದ್ ಹೂಗಿಂದ್ ಅಲ್ಲ ಕುಷ್ಟಣ್ಣ. ಎಲಿ ವಾಸ್ನಿ. ಗುಲಾಬಿ ಹಾಂಗೆ ಬಪ್ಪುದ್, ಗುಲಾಬಿ ಅಲ್ಲ. ಕಳ್ಳ ವಾಸ್ನಿ.”

“ಮುಂದ್ ಓದ್ಲಾ? ಒಂದು ಸೀರೆ ಕಳಿಸುತ್ತೇನೆ ಅಂದ್ ಬರ್ದಿದಾ.”

“ಕಳ್ಸ್ದೆ ಎಂತ ಮಾಡ್ತ್ರ್,” ಎಂದಳು ಜಲಜ. “ತಪ್ಪ್ ಮಾಡ್ದವ್ರೇ ಸೀರಿ ಕಳ್ಸುದ್.” ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ತೊಳೆಯಲು ಹೋದಳು.

ಎರಡನೇ ಮನೆಯಲ್ಲಿ ಲಕೋಟೆ ತೆಗೆದಾಗ ಕುಷ್ಟನ ಕೈ ಗಕ್ಕನೆ ನಿಂತಿತು. ಅದೇ ವಾಸನೆ. ಮೂರನೆಯದೂ ಹಾಗೇ. ನಾಲ್ಕನೆಯದು ಗಣಪಯ್ಯ ಉಪಾಧ್ಯರಿಗೆ ಸಾಲಿಗ್ರಾಮದಿಂದ ಬಂದ ಹುಡುಗಿಯ ಜಾತಕ. ಉಪಾಧ್ಯರು ಜಾತಕ ಬಿಚ್ಚಿ, ಮೂಗು ಸಿಂಡರಿಸಿ, ಅತ್ತಿತ್ತ ನೋಡಿ, ಮತ್ತೆ ಮಡಚಿಬಿಟ್ಟರು. “ಸಂಬಂಧ ಬ್ಯಾಡ. ಜಾತ್ಕಕ್ಕೆ ಸೆಂಟ್ ಬಳಿದ್ ಕಳ್ಸ್ತ್ರಂದ್ರೆ ಅದ್ ಎಂಥಾ ಮನಿ! ಕುಷ್ಟ, ಇದ್ ಯಾರಿಗೂ ಹೇಳ್ಬ್ಯಾಡ.” ಹಾಗೆ ಏಳು ಮನೆ. ಜಲಜನನ್ನು ಬಿಟ್ಟು ಉಳಿದ ಆರು ಮನೆಯವರೂ ಬಾಗಿಲ ಮರೆಗೆ ಸರಿದು, ಕಾಗದ ಮುಚ್ಚಿಟ್ಟು, ಅದೇ ಮಾತು ಹೇಳಿದರು: ಯಾರಿಗೂ ಹೇಳಬೇಡ. ತಮ್ಮ ಮನೆಯ ಕಾಗದವೊಂದೇ ನಾರುತ್ತಿದೆ ಎಂದು ಪ್ರತಿಯೊಬ್ಬರ ತಿಳುವಳಿಕೆ. ಮಾನ ಹೋಗುವ ವಿಷಯವನ್ನು ಪಕ್ಕದ ಮನೆಗೆ ಹೋಗಿ ‘ನಿಮ್ಮದೂ ಹೀಗೆಯೋ?’ ಎಂದು ಕೇಳುವುದುಂಟೇ?

ಕೊನೆಗೆ ಪಾರ್ಸಲು. ವೈಕುಂಠ ಪೈಯ ಮನೆಯ ಮುಂದಿನ ಭಾಗ ನಶ್ಯದ ಅಂಗಡಿ, ಹಿಂದೆ ಮನೆ. ಹೊಗೆಸೊಪ್ಪು ಹುರಿದು, ಸುಣ್ಣ ತುಪ್ಪ ಸೇರಿಸಿ, ಕಲ್ಲಿನಲ್ಲಿ ಅರೆದು ತಾವೇ ನಶ್ಯ ಮಾಡುತ್ತಿದ್ದರು. ‘ಅಸಲು ಗುಲಾಬಿ ಅತ್ತರಿನ ನಶ್ಯ’ ಎಂದು ಹಲಗೆ ತೂಗುತ್ತಿತ್ತು. ಪೈಗಳು ಪಾರ್ಸಲು ಕೈಗೆ ಬಂದದ್ದೇ ಒದ್ದೆ ಮೂಲೆ ಮುಟ್ಟಿ ನೋಡಿದರು. ಬೀದಿಯ ಆ ತುದಿ ಈ ತುದಿ ನೋಡಿದರು. ಕುಷ್ಟನ ತೋಳು ಹಿಡಿದು ಒಳಗೆ ಎಳೆದರು.

ಬಟ್ಟೆ ಬಿಚ್ಚಿದರೆ ಹತ್ತಿಯ ನಡುವೆ ಕಪ್ಪು ಸೀಸೆ. ಕುತ್ತಿಗೆಯ ಹತ್ತಿರ ಬಿರುಕು. ಒಳಗೆ ಅರ್ಧ ಉಳಿದಿತ್ತು. ವಾಸನೆಗೆ ಕುಷ್ಟನ ತಲೆ ಧಿಂ ಎಂದಿತು. ಕಲ್ಲಿಗೆ ಬಿದ್ದ ಆ ‘ಟಕ್’ ಸದ್ದು ಈಗ ಕಿವಿಯೊಳಗೆ ಮತ್ತೆ ಕೇಳಿಸಿತು.

“ಇದ್ ಎಂತ ಪೈಗಳೆ?”

“ಮೆಲ್ಲ ಮಾತಾಡ್! ಜೆರೇನಿಯಂ ಎಣ್ಣಿ. ನೀಲಗಿರಿಯಿಂದ ಬಪ್ಪುದ್. ಯುದ್ಧ ಶುರು ಆದ್ಮೇಲೆ ಗುಲಾಬಿ ಅತ್ತರ್ ಎಲ್ಲಿ ಸಿಕ್ತ್? ಇದೂ ಅದೇ ಹಾಂಗೆ ಬತ್ತ್. ಎಲಿಯಿಂದ ಭಟ್ಟಿ ಇಳ್ಸುದ್. ಒಂದ್ ಸೇರ್ ನಶ್ಯಕ್ಕೆ ನಾಕ್ ತೊಟ್ಟ್ ಸಾಕ್.”

“ಸೀಸೆ ಅಂದೇಳಿ ಹೊರ್ಗ್ ಬರ್ಸುಕೆ ಎಂತ?”

“ಬರ್ಸಿರೆ ಮಾಸ್ತರ್ರ್ ಕೇಂತಿದ್ರ್, ಸೀಸಿಯಲ್ಲ್ ಎಂತ ಅಂದೇಳಿ. ಊರೆಲ್ಲ ನಂಬ್ಕಂಡದ್ದ್ ಗುಲಾಬಿ!”

ಒಳಗೆ ಪೈಗಳ ಹೆಂಡತಿ ವೇದಾವತಿಯಮ್ಮ ತೊಟ್ಟಿಲು ತೂಗುತ್ತಿದ್ದರು. ಮೊಮ್ಮಗುವಿನ ತೊಟ್ಟಿಲ ಬಟ್ಟೆಯಿಂದಲೂ ಅದೇ ವಾಸನೆ ಬರುತ್ತಿತ್ತು. ಹೋದ ಸಲದ ಎಣ್ಣೆಯಲ್ಲಿ ಒಂದೆರಡು ತೊಟ್ಟು ಬಟ್ಟೆಯ ಅಂಚಿಗೆ ಸವರಿದರೆ ಸೊಳ್ಳೆ ದೂರ ಅಂತೆ. ಪಟ್ಟೆ ಸೀರೆಯ ಪೆಟ್ಟಿಗೆಯಲ್ಲಿ ಅದನ್ನೇ ಅದ್ದಿದ ಹತ್ತಿ. ಯುದ್ಧದಿಂದ ಪೇಟೆಯ ಸೋಪು ಸಿಗದೆ ಮನೆಯಲ್ಲೇ ಕುದಿಸಿದ ಸೋಪಿಗೂ ಅದೇ. ತಲೆನೋವು ಬಂದರೆ ತೆಂಗಿನೆಣ್ಣೆಗೆ ಬೆರೆಸಿ ಹಣೆಗೆ, ಉಳಿದದ್ದು ಕೂದಲಿಗೆ. ಹೀಗೆ ಮನೆ ಮಂದಿಯೆಲ್ಲ ಬಳಿದುಕೊಂಡು ಉಳಿದದ್ದು ಮಾತ್ರ ನಶ್ಯಕ್ಕೆ ಬೀಳುತ್ತಿತ್ತು ಎಂದು ಕುಷ್ಟನಿಗೆ ಕಂಡಿತು.

“ಕಾಗ್ದಕ್ಕೆಲ್ಲ ವಾಸ್ನಿ ಹಿಡ್ದಿತ್ ಪೈಗಳೆ. ಜನ ಏನೇನೋ ಎಣಿಸ್ತಿದ್ರ್.”

ಪೈಗಳು ಬಾಗಿಲು ಅರ್ಧ ಮುಚ್ಚಿದರು. “ಕಾಣ್ ಕುಷ್ಟ. ನೀ ಬಾಯ್ ಬಿಟ್ರೆ ನನ್ನ್ ನಶ್ಯ ಹೋತ್ತ್. ನಾ ಬಾಯ್ ಬಿಟ್ರೆ, ಸೀಸೆ ಒಡ್ದದ್ದ್ ನಿನ್ನ್ ಕೈಯಲ್ಲ್ ಅಂದೇಳಿ ಮೇಲಿನ್ ಆಪೀಸಿಗೆ ಬರಿಯೂಕ್ ಆತ್ತ್, ನಿನ್ನ್ ಬಿಲ್ಲೆ ಹೋತ್ತ್. ಇಬ್ರಿಗೂ ಬ್ಯಾಡ. ವಾಸ್ನಿ ಎಷ್ಟ್ ದಿನ ಇರತ್ತ್? ನಾಕ್ ದಿನ.”

ಕುಷ್ಟ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಮುಟ್ಟಿಕೊಂಡ. ಖಾಲಿ ಚೀಲ ಹೆಗಲಿಗೇರಿಸಿ ಹೊರಟ.

ವಾಸನೆ ನಾಲ್ಕು ದಿನಕ್ಕೆ ಹೋಗಲಿಲ್ಲ. ಚೀಲದ ಬಟ್ಟೆಗೆ ಹಿಡಿಯಿತು, ಚೀಲದಿಂದ ಕೋಟಿಗೆ ಹಿಡಿಯಿತು. ಕುಷ್ಟ ನಡೆದರೆ ಹಿಂದಿನಿಂದ ಮದುವೆ ದಿಬ್ಬಣ ಬಂದ ಹಾಗೆ. ಹುಡುಗಿಯರು ಬಾವಿಕಟ್ಟೆಯಲ್ಲಿ ಕಿಸಕ್ಕನೆ ನಕ್ಕರು. ಅವನ ಸ್ವಂತ ಹೆಂಡತಿ ಸರೋಜ ಅನ್ನದ ಬಟ್ಟಲನ್ನು ಕೋಲಿನಿಂದ ತಳ್ಳುವ ಹಾಗೆ ದೂರದಿಂದ ನೂಕಿ, “ಟಪಾಲ್ ಯಾವ್ ಮನಿಗ್ ಕೊಡ್ತ್ರಿ ಈಗೀಗ?” ಎಂದು ಕೇಳಿದಳು. ಕುಷ್ಟನಿಗೆ ಉತ್ತರ ಬಾಯಿಯ ತುದಿಗೆ ಬಂದಿತ್ತು, ನುಂಗಿದ. ಕೋಟನ್ನು ಮೂರು ಸಲ ಉಪ್ಪುನೀರಿನಲ್ಲಿ ಒಗೆದ. ಬಿಸಿಲಿಗೆ ಒಣಗಿದ ಕೂಡಲೇ ಅದು ಇನ್ನೂ ಜೋರಾಗಿ ಪರಿಮಳಿಸಿತು.

ಅಷ್ಟಾದರೂ ತಡೆದುಕೊಳ್ಳಬಹುದಿತ್ತು. ದೀಪಾವಳಿಗೆ ಎರಡು ದಿನ ಇರುವಾಗ ಬಚ್ಚನ ಸೀರೆ ಬಂತು. ಬಟ್ಟೆಗೆ ಬರ ಬಂದಿದ್ದ ವರ್ಷ ಅದು. ಇದ್ದ ಸೀರೆಯನ್ನೇ ಹರಿದಲ್ಲಿ ಹೊಲಿದು ಉಡುತ್ತಿದ್ದ ಕಾಲ. ಜಲಜ ಪಾರ್ಸಲನ್ನು ಮುಟ್ಟಲಿಲ್ಲ.

“ಬ್ಯಾಡ ಅಂದ್ ಬರ್ದ್ ವಾಪಸ್ ಕಳ್ಸಿ.”

“ಹುಚ್ಚ್ ಮಾಡ್ಬ್ಯಾಡ ಜಲ್ಜ. ಸೀರಿ ಎಂತ ಮಾಡ್ತ್ ನಿಂಗೆ?”

“ಇದ್ರ್ ಜೋಡಿ ಇನ್ನೊಂದ್ ಸೀರಿ ಯಾರ್ ಮೈಮೇಲ್ ಇತ್ ಅಂದೇಳಿ ನಿಮ್ಗ್ ಗೊತ್ತಿತ್ತಾ? ನಿಮ್ಮ್ ಮೂಗಿಗೇ ಅಲ್ದಾ ಮೊದ್ಲ್ ಬಡ್ದದ್ದ್!”

ಕುಷ್ಟ ‘ತೆಗೆದುಕೊಳ್ಳಲು ಒಪ್ಪಲಿಲ್ಲ’ ಎಂದು ಪಾರ್ಸಲಿನ ಮೇಲೆ ತನ್ನ ಕೈಯಿಂದಲೇ ಬರೆದ. ಆ ಅಕ್ಷರ ಬರೆಯುವಾಗ ಅವನಿಗೆ ಪೈಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಎಷ್ಟು ಬಂದರೂ ಪೈಯ ಮೇಲೆಯೇ ಬರುತ್ತಿತ್ತು, ಬೇರೆ ಕಡೆ ಹೋಗುತ್ತಿರಲಿಲ್ಲ.

ಮತ್ತೆ ಒಂದು ತಿಂಗಳು ಬೊಂಬಾಯಿಯಿಂದ ಸುದ್ದಿಯಿಲ್ಲ. ಡಿಸೆಂಬರ್ ನಾಲ್ಕನೇ ತಾರೀಕಿಗೆ ಒಂದು ಕಾರ್ಡು ಬಂತು. ಕುಷ್ಟ ಅದನ್ನು ದಾರಿಯಲ್ಲೇ ಓದಿಕೊಂಡ. ಜಲಜನ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವಾಗ ಅವನ ದನಿ ಅವನಿಗೇ ಬೇರೆಯವರದ್ದರ ಹಾಗೆ ಕೇಳಿಸಿತು.

“ಸೀರೆ ತಿರುಗಿ ಬಂದದ್ದು ಸಿಕ್ಕಿತು. ನಾನು ಇಲ್ಲಿ ಎಂಜಲು ತಟ್ಟೆ ಎತ್ತಿ ಕಳಿಸಿದ್ದು ನಿನಗೆ ಬೇಡವಾಯಿತು. ಅಲ್ಲಿ ಉಡಿಸುವವರು ಬೇರೆ ಸಿಕ್ಕಿದ್ದರೆ ಸುಖವಾಗಿರು. ಬಸ್ರಾಕ್ಕೆ ಹೋಗುವ ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಹೆಸರು ಕೊಟ್ಟಿದ್ದೇನೆ. ಹತ್ತನೇ ತಾರೀಕಿಗೆ ಹಡಗು. ಅಷ್ಟರೊಳಗೆ ನಿನ್ನ ಕಾಗದ ಬಂದರೆ ಸರಿ. ಬಾರದಿದ್ದರೆ ಸಮುದ್ರ ಇದೆ, ಯುದ್ಧ ಇದೆ, ನನ್ನ ಹಣೆಬರಹ ಇದೆ.”

ಜಲಜ ಗೋಡೆಗೆ ಒರಗಿದಳು. ಕುಷ್ಟ ಕಾರ್ಡು ಕೆಳಗಿಟ್ಟ. ಕಾಗದ ಬೊಂಬಾಯಿ ಸೇರಲು ಐದು ದಿನ ಬೇಕು, ಆರೂ ಆಗಬಹುದು. ಇವತ್ತು ಬರೆದರೆ ಸೇರೀತು. ನಾಳೆಗೆ ಬಸ್ಸಿಲ್ಲ. ನಾಡಿದ್ದು ಎಂದರೆ ದೇವರೇ ಗತಿ.

“ಜಲ್ಜ, ಆ ವಾಸ್ನಿ ಬಚ್ಚಂದ್ ಅಲ್ಲ,” ಎಂದ. “ಚೀಲದ್ದ್. ಪೈಗಳ್ ಎಣ್ಣಿ ಸೀಸೆ ಚೀಲದಲ್ಲ್ ಒಡ್ದಿತ್ತ್. ಎಲ್ಲ ಕಾಗ್ದಕ್ಕೂ ಹಿಡ್ದಿತ್ತ್.”

ಜಲಜ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಎರಡ್ ತಿಂಗ್ಳ್ ಆದ್ಮೇಲ್ ನೆನಪಾಯ್ತಾ? ಅವ್ರ್ ನಿಮ್ಗೂ ಬೇರೆ ಕಾಗ್ದ ಬರ್ದಿರ್ಕ್, ಹೀಂಗ್ ಹೇಳಿ ಅಂದೇಳಿ. ಗಂಡಸ್ರಿಗೆ ಗಂಡಸ್ರೇ ಸಾಕ್ಷಿ.”

“ನನ್ನ್ ಮಕ್ಕಳಾಣೆ!”

“ಮಕ್ಳನ್ ಎಂತಕ್ಕ್ ತತ್ತ್ರಿ ನಡುಗೆ? ಮತ್ಯಾರ್ ಮನಿ ಕಾಗ್ದ ವಾಸ್ನಿ ಬಂದಿತ್? ಹೇಳಿ ಕಾಂಬ.”

ಕುಷ್ಟ ಆರು ಮನೆಯವರಿಗೂ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದ. ಜಲಜ ‘ಕಂಡ್ರ್ಯಾ?’ ಎನ್ನುವಂತೆ ತಲೆ ಆಡಿಸಿದಳು. ಆದರೆ ಕೂತಲ್ಲಿ ಕೂರಲಿಲ್ಲ. ಹಳೆಯ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಗೆ ಉಳಿದ ನಾಲ್ಕು ಬಂಗುಡೆ ಹಾಕಿ ತಲೆಗೇರಿಸಿದಳು. “ಪೈಗಳ್ ಮನಿಗ್ ಮೀನ್ ಕೊಡುಕಿತ್,” ಎಂದು ಹೊರಟಳು. ಕುಷ್ಟ ಹಿಂದಿನಿಂದ ಹೋದ.

ಹಿತ್ತಲಿನಲ್ಲಿ ವೇದಾವತಿಯಮ್ಮ ಬುಟ್ಟಿಯ ಮೇಲೆ ಬಗ್ಗಿ ಬಂಗುಡೆ ಒತ್ತಿ ನೋಡುತ್ತಿದ್ದಾಗ ಅವರ ತುರುಬು ಜಲಜನ ಮೂಗಿನ ಕೆಳಗೇ ಬಂತು. ಜಲಜನ ಕೈ ನಿಂತಿತು.

“ಅಮ್ಮ, ತಲಿಗೆ ಎಂತ ಎಣ್ಣಿ ಹಾಕದ್ದ್?”

“ನಿಂಗೆಂತಕ್ಕ್?”

ಜಲಜ ಸೊಂಟದ ಕಾಗದ ತೆಗೆದಳು. “ಇದ್ ಒಂದ್ ಚೂರ್ ಮೂಸಿ ಕಾಣಿ.”

ವೇದಾವತಿಯಮ್ಮ ಮೂಸಿದರು. ಮುಖದ ಬಣ್ಣ ಬದಲಾಯಿತು. ಒಮ್ಮೆ ಜಲಜನ ಮುಖ ನೋಡಿದರು, ಒಮ್ಮೆ ಅವಳ ಸೊಂಟ ನೋಡಿದರು. ಆಮೇಲೆ ಮನೆಯ ಕಡೆ ತಿರುಗಿ ಹಾಕಿದ ಕೂಗಿಗೆ ತೆಂಗಿನ ಮರದ ಕಾಗೆ ಎದ್ದಿತು.

“ಹ್ವಾಯ್! ಹೊರ್ಗ್ ಬನ್ನಿ ಕಾಂಬ! ಈ ಸಲಿ ನೀಲಗಿರಿಯವ್ರ್ ಅರ್ಧ ಸೀಸೆಯೇ ಕಳ್ಸದ್ದ್ ಅಂದ್ರಿ ಅಲ್ದಾ? ಉಳ್ದರ್ಧ ಈ ಮೀನಿನ್ ಹೆಂಗ್ಸಿನ್ ಸೊಂಟದಲ್ಲ್ ಇತ್ತಲೆ!”

ಪೈಗಳು ಓಡಿ ಬಂದರು. ಅವರ ಹಿಂದೆ ನಶ್ಯ ಕೊಳ್ಳಲು ಬಂದಿದ್ದ ಪ್ರೇಮಾನಂದ ಮಾಸ್ತರರೂ, ಮೂಗಿನ ಹತ್ತಿರ ಎತ್ತಿದ ಚಿಟಿಕೆ ಹಾಗೆಯೇ ಹಿಡಿದುಕೊಂಡು ಬಂದರು. “ದೇವ್ರಾಣೆ ಅಲ್ಲ, ವೇದೂ—” “ದೇವ್ರನ್ ಬಿಡಿ! ಇಷ್ಟ್ ವರ್ಷ ಮೀನ್ ಅಗ್ಗಕ್ಕೆ ಸಿಕ್ಕದ್ದ್ ಎಂತಕ್ಕಂತ ಈಗ್ ಗೊತ್ತಾಯ್ತ್!” ಜಲಜ ಬುಟ್ಟಿ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತಳು. “ನಿಮ್ಮ್ ಗಂಡನ್ ನೀವೇ ಇಟ್ಕಣಿ ಅಮ್ಮ, ನಂಗೆ ನಂದೇ ಜಾಸ್ತಿ ಆಯ್ತ್!”

ಹೆಂಡತಿಯ ಕಣ್ಣಿನ ಮುಂದೆ ನಶ್ಯದ ಗುಟ್ಟು ದೊಡ್ಡದಾಗಿ ಕಾಣಲಿಲ್ಲ ಪೈಗಳಿಗೆ. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟರು. ನೀಲಗಿರಿಯ ಎಣ್ಣೆ, ಚೀಲದಲ್ಲಿ ಬಿರುಕು ಬಿಟ್ಟ ಸೀಸೆ, ನಾರಿದ ಏಳು ಕಾಗದ.

“ಹಾಗಾದರೆ ಪೈಗಳೆ,” ಎಂದರು ಮಾಸ್ತರರು ಕೈಯ ಚಿಟಿಕೆಯನ್ನು ನೋಡುತ್ತ, “ನಾನು ಇಷ್ಟು ದಿನ ಏರಿಸಿದ್ದು ಸೊಪ್ಪೋ?”

ಯಾರೂ ನಗಲಿಲ್ಲ. ಜಲಜ ಕಾಗದವನ್ನು ಎರಡೂ ಅಂಗೈಯ ನಡುವೆ ಒತ್ತಿ ಹಿಡಿದಿದ್ದಳು. ಕಣ್ಣಿನಲ್ಲಿ ನೀರು ತುಂಬಿತ್ತು, ಕೆಳಗೆ ಬಿದ್ದಿರಲಿಲ್ಲ. “ಯಾರ್ ಒಡ್ದದ್ದ್?” ಎಂದು ಕೇಳಿದಳು. ಮಾಸ್ತರರಿಗೂ ಆಗ ತಾವು ಅಂಚೆಯವರು ಎಂಬುದು ನೆನಪಾಯಿತು.

“ಹೌದು ಕುಷ್ಟ. ಚೀಲ ನಿನ್ನ ಕೈಯಲ್ಲಿತ್ತು. ಎಲ್ಲಿ ಒಡೆಯಿತು?”

ನಾಲ್ಕು ಜೊತೆ ಕಣ್ಣು ಕುಷ್ಟನ ಮೇಲೆ ಬಿದ್ದವು. ಅವನ ಕೈ ತಾನಾಗಿಯೇ ಬಿಲ್ಲೆಯ ಹತ್ತಿರ ಹೋಯಿತು.

“ಕಡವಿನಲ್ಲ್,” ಎಂದ. “ಗುಡ್ಡ ಚೀಲ ಎತ್ತಿ ಲಂಗರಿನ್ ಕಲ್ಲಿಗ್ ಬಿಸಾಡ್ದ.”

“ಪಾಪಿ!” ಎಂದಳು ಜಲಜ.

ಕಾರ್ಡು ಅಲ್ಲೇ ಪೈಯ ಜಗಲಿಯಲ್ಲಿ ಬರೆದದ್ದಾಯಿತು. ಜಲಜ ಹೇಳಿದ್ದಷ್ಟನ್ನೇ ಕುಷ್ಟ ಬರೆದ: ನಾನು ತಪ್ಪು ತಿಳಿದೆ, ಹಡಗು ಹತ್ತಬೇಡಿ, ಸೀರೆ ನೀವೇ ತನ್ನಿ. ಮಾಸ್ತರರು ಮುದ್ರೆ ಒತ್ತಿ ಚೀಲಕ್ಕೆ ಹಾಕಿದರು. ಸಂಜೆಯ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ಕುಷ್ಟ ಮರಳಿನಲ್ಲಿ ಓಡಿದ.

ಕಡವಿನಲ್ಲಿ ಗುಡ್ಡ ತನ್ನ ಗುಡಿಸಲ ಮುಂದೆ ಗಂಜಿಗೆ ಕೂತಿದ್ದ. ಏದುಸಿರು ಬಿಡುತ್ತ ಬರುತ್ತಿದ್ದ ಕುಷ್ಟನನ್ನು ಕಂಡವನೇ ಬಟ್ಟಲು ಸರಿಸಿ, ಕೈಯನ್ನು ಹೊಳೆಯಲ್ಲೇ ಅದ್ದಿ ದೋಣಿಗೆ ಹಾರಿದ. ಇಳಿತದ ಹೊತ್ತು, ನೀರು ಕಡಲ ಕಡೆ ರಭಸವಾಗಿ ಎಳೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರೂ ದೋಣಿ ಬಿಡುವುದಿಲ್ಲ.

“ಜಲ್ಜನ್ ಕಾಗ್ದವಾ? ಕೂಕಣಿ, ಕೂಕಣಿ.”

ಅವನಿಗೆ ಹೇಗೆ ಗೊತ್ತಾಯಿತೋ! ಬಚ್ಚ ಹಡಗು ಹತ್ತುವ ಸುದ್ದಿ ಕಾರ್ಡಿಗಿಂತ ಮೊದಲು ಯಾರದೋ ಬಾಯಿಂದ ಕಡವಿಗೆ ಬಂದಿರಬೇಕು. ಕುಷ್ಟ ಚೀಲ ನೀಡಿದ. ಗುಡ್ಡ ಹೆಗಲಿನ ಬೈರಾಸು ಬಟ್ಟೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿ, ಚೀಲವನ್ನು ಮಲಗಿದ ಮಗುವನ್ನು ಇಡುವ ಹಾಗೆ ಅದರ ಮೇಲಿಟ್ಟ.

“ಕಾಗ್ದ ಒಡಿತಿಲ್ಲ. ಆದ್ರೂ,” ಎಂದು ನಕ್ಕ.

ಆ ನಗು ಎಂಥದ್ದೆಂದು ಕುಷ್ಟನಿಗೆ ತಿಳಿಯಲಿಲ್ಲ. ಇವನಿಗೆ ಎಲ್ಲ ಗೊತ್ತೇ? ಗೊತ್ತಿದ್ದೂ ನಗುತ್ತಾನೆಯೇ? ದೋಣಿ ನಡುನೀರಿನಲ್ಲಿ ಅಡ್ಡ ತಿರುಗಿದಾಗ ಗುಡ್ಡನ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ನೀರು ಸಿಡಿಯಿತು. “ಬೈರಾಸ್ ಸುತ್ಕಣಿ ಚೀಲಕ್ಕೆ, ಒದ್ದಿ ಆತ್ತ್!” ಎಂದು ಕೂಗಿದ. ದಡ ಸೇರಿದ ಕೂಡಲೇ ಕುಷ್ಟ ಚೀಲವನ್ನು ಬೈರಾಸಿನ ಸಮೇತ ಹೊತ್ತು ಓಡಿದ. ಬಸ್ಸು ಹೊರಟಿತ್ತು, ಕೂಗಿ ನಿಲ್ಲಿಸಿದ.

ಬಚ್ಚ ಹಡಗು ಹತ್ತಲಿಲ್ಲ. ಜನವರಿಯಲ್ಲಿ ಸೀರೆಯ ಜೊತೆಗೇ ಬಂದ. ಜಲಜ ಸೀರೆಯನ್ನು ಮೊದಲು ಮೂಸಿ ಆಮೇಲೆ ಉಟ್ಟಳು ಎಂದು ಊರು ನಗಾಡಿತು. ಪೈಯ ನಶ್ಯಕ್ಕೂ ಏನೂ ಆಗಲಿಲ್ಲ. ಜನ ‘ನೀಲಗಿರಿ ನಶ್ಯ’ ಎಂದು ಕೇಳಿ ಕೊಂಡರು.

ಆದದ್ದು ಗುಡ್ಡನಿಗೆ. ಕಡವಿನವನು ಟಪಾಲು ಚೀಲ ಬಿಸಾಡುತ್ತಾನೆ, ನಾಳೆ ನಮ್ಮ ಮಡಕೆ ಮಕ್ಕಳನ್ನೂ ಬಿಸಾಡುತ್ತಾನೆ ಎಂದು ಮಾತು ಹುಟ್ಟಿತು. ಉಪಾಧ್ಯರು ಸಂಬಂಧ ತಪ್ಪಿದ ಸಿಟ್ಟಿನಲ್ಲಿ ಅರ್ಜಿ ಬರೆಸಿದರು. ಮುಂದಿನ ವರ್ಷ ಕಡವು ಬೇರೆಯವನ ಪಾಲಾಯಿತು. ಅಲ್ಲಿಯ ತನಕ ಕುಷ್ಟ ಅದೇ ದೋಣಿಯಲ್ಲಿ ದಾಟಿದ, ಬೈರಾಸು ತಿರುಗಿ ಕೊಡಲು ಮಾತ್ರ ಕೈ ಬರಲಿಲ್ಲ. ಗುಡ್ಡ ಒಂದು ದಿನವೂ ‘ಯಾಕೆ ಹೀಗೆ ಹೇಳಿದಿರಿ’ ಎಂದು ಕೇಳಲಿಲ್ಲ. ಕೇಳಿದ್ದರೆ ಕುಷ್ಟ ಸಿಟ್ಟು ಮಾಡುತ್ತಿದ್ದ, ಸಿಟ್ಟಿನಲ್ಲಿ ನಿಜ ಬಾಯಿಗೆ ಬರುತ್ತಿತ್ತೋ ಏನೋ.

ಆಮೇಲೆ ಒಂದೇ ಸಲ ಕಂಡದ್ದು, ಕುಂದಾಪುರದ ಸಂತೆಯಲ್ಲಿ. ಗುಡ್ಡ ಯಾರದೋ ಮೂಟೆ ಹೊರುತ್ತಿದ್ದ. ಕುಷ್ಟ ಹತ್ತಿರ ಹೋದ, ಬಾಯಿ ತೆರೆದ. ಗುಡ್ಡನೇ ಮೊದಲು ಮಾತಾಡಿದ.

“ಹ್ವಾಯ್ ಕುಷ್ಟಣ್ಣ! ಚೀಲ ಎಲ್ಲಿ? ಇವತ್ತ್ ವಾಸ್ನಿ ಇಲ್ಲ?”

ಅಷ್ಟರಲ್ಲಿ ಬಸ್ಸು ಹಾರ್ನ್ ಹಾಕಿತು. ಇನ್ನೊಂದು ಸಲ ಹೇಳಿದರಾಯಿತು ಎಂದು ಕುಷ್ಟ ಹತ್ತಿ ಕೂತ. ಆ ಮಳೆಗಾಲದಲ್ಲೇ ಗುಡ್ಡ ಜ್ವರದಲ್ಲಿ ಹೋದ.

ಬೈರಾಸು ಈಗಲೂ ಕುಷ್ಟನ ಮನೆಯಲ್ಲಿದೆ. ಕೆಂಪು ಅಂಚಿನದು, ಒಂದು ತುದಿ ಹರಿದದ್ದು. ಸರೋಜ ಒಗೆದು ಹಗ್ಗಕ್ಕೆ ಹಾಕುತ್ತಾಳೆ. ಯಾರದ್ದು ಇದು ಎಂದು ಒಮ್ಮೆ ಕೇಳಿದ್ದಳು.

“ಕಡವಿಂದ್. ಕೊಡುಕಿತ್ತ್,” ಎಂದಿದ್ದ ಕುಷ್ಟ.

ದಿನಾ ಬೆಳಿಗ್ಗೆ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ. ಹೊಸ ಕಡವಿನವನ ದೋಣಿಯಲ್ಲಿ ನಾಲ್ಕು ಮಡಿಕೆ ಮಾಡಿ ಹಾಸಿ, ಚೀಲವನ್ನು ಅದರ ಮೇಲಿಟ್ಟು, ಪೈಯನ್ನು ಬೈಯುತ್ತ ಹೊಳೆ ದಾಟುತ್ತಾನೆ.